ಕೆಟ್ಟ ತುಂಡು ಕಂಡೊಡನೆ ಸಾಯುತ್ತಿದ್ದ ಪ್ರೋಗ್ರಾಮ್

ಕೋವಿಡ್ ಕಳೆದ ಮರುವರ್ಷ ಬೀದರಿನವಳಾದ ನಾನು ನಾಸಿಕದ ಸಾತಪುರದಲ್ಲಿ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರ ಬಿಲ್ಡ್ ಎಂಜಿನಿಯರ್ ಆಗಿದ್ದೆ. ಯುನಿಕ್ಸ್ ಪದ್ಧತಿಯಲ್ಲಿ ಬರೆದ ಪ್ರೋಗ್ರಾಮುಗಳನ್ನು ಜಿಸಿಸಿ ಎಂಬ ಕಂಪೈಲರಿನಿಂದ ವಿಂಡೋಸ್‌ನಲ್ಲಿ ಓಡುವಂತೆ ಕಟ್ಟುವುದು ನನ್ನ ಕೆಲಸ.

ಸಂಭಾಜಿನಗರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುತ್ತಿದ್ದ ನಮ್ಮ ಪ್ರೋಗ್ರಾಮ್ ಆಗಾಗ ತಾನಾಗಿ ಮುಚ್ಚಿಹೋಗುತ್ತಿತ್ತು. ಅದೂ ಕಲಬುರಗಿಯ ಬಸವರಾಜ ಎಂಬ ಗುತ್ತಿಗೆ ತಪಾಸಕರ ಪಾಳಿಯಲ್ಲೇ. ಅವರ ಕೈಯೇ ಸರಿಯಿಲ್ಲವೆಂದು ಕಾರ್ಖಾನೆಯ ಮ್ಯಾನೇಜರ್ ತೀರ್ಮಾನಿಸಿ, ಶುಕ್ರವಾರವೇ ಕಡೆಯ ದಿನ ಎಂದುಬಿಟ್ಟಿದ್ದರು. ತಪ್ಪು ನಮ್ಮ ತಲೆಗೆ ಬರಲಿಲ್ಲವೆಂದು ನಮ್ಮ ಬಾಸ್‌ಗೆ ಹಾಲು ಕುಡಿದಷ್ಟು ಸಂತೋಷ. ನನಗೋ ಕೂತಲ್ಲಿ ಕೂರಲಾಗಲಿಲ್ಲ. ಆ ಶುಕ್ರವಾರ ಬೆಳಗಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ತೆರೆಯುವುದು, ಏನೂ ತೋಚದೆ ಮುಚ್ಚುವುದು, ಇದೇ ಆಯಿತು.

ಬಸವರಾಜರ ಪಕ್ಕ ನಿಂತೆ. ಹಾಳಾದ ಪ್ರೋಗ್ರಾಮ್ ಸುಖವಾಗಿ ಓಡುತ್ತಲೇ ಇತ್ತು. ಮ್ಯಾನೇಜರ್ ಎರಡು ಸಲ ಬಂದು ಇಣುಕಿ ಹೋದರು. ಊಟದ ಹೊತ್ತಿಗೆ ಬಸವರಾಜರು ತುಂಡೊಂದನ್ನು ಬೆರಳಲ್ಲಿ ತಿರುವಿ, ಯಾಕೋ ಸಂಶಯವೆಂದು ಅಳತೆಯ ಯಂತ್ರವಾದ ಗೇಜಿಗೆ ಇಟ್ಟರು. ಪರದೆ ಮಾಯ.

ಉಳಿದವರು ಸಂಶಯದ ತುಂಡನ್ನು ಏನು ಮಾಡುತ್ತಾರೆಂದು ಕೇಳಿದೆ. ಕಣ್ಣಳತೆಯಲ್ಲೇ ಪಕ್ಕಕ್ಕೆ ಎಸೆಯುತ್ತಾರಂತೆ.

"ನಾ ಹಂಗ ಮಾಡಂಗಿಲ್ರಿ ಮೇಡಂ. ಗೇಜ್ ಖರಾಬ್ ಅಂದ್ರಷ್ಟೇ ಖರಾಬ್."

ಆಗ ಹೊಳೆಯಿತು. ತುಂಡು ಕೆಟ್ಟಿದ್ದರೆ ಮಾತ್ರ ಗೇಜಿನ ಲೈಬ್ರರಿ, ಅಂದರೆ ಗೇಜಿನ ಜೊತೆ ಬಂದ ಸಿದ್ಧ ಕೋಡು, ಮೆಮೊರಿಯಲ್ಲಿ ಜಾಗ ಪಡೆದು ದೋಷದ ಸಂದೇಶ ಬರೆಯುತ್ತದೆ. ಓದಿದ ಮೇಲೆ ಆ ಜಾಗವನ್ನು ನಮ್ಮ ಪ್ರೋಗ್ರಾಮ್ ಬಿಡುಗಡೆ ಮಾಡುತ್ತಿತ್ತು. ಆದರೆ ಲೈಬ್ರರಿ ಕಟ್ಟಿದ್ದು ವಿಷುಯಲ್ ಸಿ ಎಂಬ ಬೇರೆ ಕಂಪೈಲರಿನಲ್ಲಿ. ಎರಡು ಕಂಪೈಲರುಗಳ ಮೆಮೊರಿಯ ವ್ಯವಹಾರ ಬೇರೆ ಬೇರೆ. ಒಂದು ಪಡೆದ ಜಾಗವನ್ನು ಇನ್ನೊಂದು ಬಿಡಿಸಹೋದರೆ ಪ್ರೋಗ್ರಾಮ್ ಕುಸಿಯುತ್ತದೆ. ಸಾತಪುರದಲ್ಲಿ ಗೇಜ್ ಇರಲಿಲ್ಲ. ಪರೀಕ್ಷೆಗೆಂದು ನಕಲಿ ಲೈಬ್ರರಿ ಬರೆದು ಅದನ್ನೂ ಜಿಸಿಸಿಯಲ್ಲೇ ಕಟ್ಟಿದ್ದರಿಂದ ಅಲ್ಲಿ ಒಮ್ಮೆಯೂ ಕುಸಿದಿರಲಿಲ್ಲ.

ಬಿಡುಗಡೆಯ ಕೆಲಸವನ್ನು ಲೈಬ್ರರಿಗೇ ಒಪ್ಪಿಸಿ, ಅಲ್ಲೇ ಕೂತು ಮತ್ತೆ ಕಟ್ಟಿದೆ. ಫೋನಿನಲ್ಲಿ ಬಾಸ್, ಅಪ್‌ಡೇಟ್ ಹಾಕಿದೆ ಎಂದಷ್ಟೇ ಹೇಳಿ ಬಾ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಮ್ಯಾನೇಜರ್ ಕೋಣೆಗೆ ಬಸವರಾಜರನ್ನೂ ಕರೆದುಕೊಂಡು ಹೋಗಿ, ತಪ್ಪು ನಮ್ಮ ಬಿಲ್ಡಿನದು, ಕೆಟ್ಟ ತುಂಡನ್ನು ಗೇಜಿಗೆ ಹಿಡಿದಾಗಲೆಲ್ಲ ಅದು ಸಾಯುತ್ತಿತ್ತು, ಹಾಗೆ ಹಿಡಿಯುತ್ತಿದ್ದವರು ಇವರೊಬ್ಬರೇ ಎಂದು ಮರಾಠಿಯಲ್ಲಿ ಹೇಳಿದೆ. ಮ್ಯಾನೇಜರ್ ಬಸವರಾಜರ ಲೆಕ್ಕ ಚುಕ್ತಾ ಮಾಡುವ ಕಾಗದವನ್ನು ಮಡಚಿ ಡ್ರಾಯರಿನಲ್ಲಿ ಹಾಕಿದರು.

ಅಂದಿನಿಂದ, ಯಾರ ಕೈಯಲ್ಲಿ ನನ್ನ ಪ್ರೋಗ್ರಾಮ್ ಹೆಚ್ಚು ಕೆಡುತ್ತದೋ ಅವರ ಪಕ್ಕ ಮೊದಲು ಹೋಗಿ ನಿಲ್ಲುತ್ತೇನೆ. ಕೆಲಸವನ್ನು ಸರಿಯಾಗಿ ಮಾಡುತ್ತಿರುವವರು ಅವರೇ ಇರಬಹುದು. ಆ ದಿನ ಬಸವರಾಜರು ಮ್ಯಾನೇಜರನ್ನು ನೇರವಾಗಿ ಕೇಳಲು ಧೈರ್ಯ ಸಾಲದೆ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ದರು:

"ಹಂಗಾದ್ರ ನಾಳಿ ಡ್ಯೂಟಿಗಿ ಬರ್ಲೇನ್ರಿ?"