ಕಣ ಅಂದದ್ದೇ ತಪ್ಪಾಯಿತು

ಜಾಹೀದಾ ತೋಟ ಮಾಡುತ್ತಾಳೆ ಎಂದರೆ ಹಾವೇರಿಯ ಜನ ಕೇಳುತ್ತಿದ್ದದ್ದು ಒಂದೇ: ಏನು ಬೆಳೆ? ಬೆಳೆಯಲ್ಲ, ಮನೆ ಮುಂದಿನ ಅಂಗಳ, ಕಚೇರಿಯ ಆವರಣ, ಊರ ಉದ್ಯಾನ, ಇವುಗಳ ನಕ್ಷೆ ಬರೆಯುವುದು ಎಂದು ಬಿಡಿಸಿ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಬಸ್ ನಿಲ್ದಾಣದ ಹಿಂದೆ ನಮ್ಮಿಬ್ಬರಿಗೂ ಸೇರಿ ಕಚೇರಿಯೆಂದು ಒಂದೇ ಖೋಲಿ. ನಾನು ಮನೆಗಳ ನಕ್ಷೆ ಬರೆಯುತ್ತಿದ್ದೆ, ಅವಳು ನನ್ನ ಗೋಡೆಗಳ ಹೊರಗೆ ಉಳಿದ ಜಾಗದ ನಕ್ಷೆ. ಏನೂ ಉಳಿಸುವುದಿಲ್ಲ ಎಂದು ದಿನಕ್ಕೊಮ್ಮೆ ನನ್ನನ್ನು ಬೈಯುತ್ತಿದ್ದಳು. ಬೈಗುಳ ಖರೇ ಇತ್ತು.

ಅವಳ ತಂದೆ ಯೂಸುಫಸಾಬರದು ಗುತ್ತಲ ರಸ್ತೆಯಲ್ಲಿ ಸಸಿಗಳ ನರ್ಸರಿ. ಸಸಿಗಳ ನಡುವೆಯೇ ಬೆಳೆದವಳು ಧಾರವಾಡಕ್ಕೆ ಹೋಗಿ ನಕ್ಷೆ ಕಲಿತು ಬಂದಳು. ಹೊಸ ಜಾಗ ನೋಡಲು ಹೋದರೆ ಅವಳ ಕೈಯಲ್ಲಿ ಟೇಪಿಗಿಂತ ಮೊದಲು ಇರುತ್ತಿದ್ದದ್ದು ಅಪ್ಪನ ಹಳೆಯ ಕರಿ ಛತ್ರಿ. ಅದನ್ನು ಬಿಚ್ಚಿ ಹಿಡಿದು ಉರಿಬಿಸಿಲಲ್ಲಿ ಜಾಗವೆಲ್ಲ ಸುತ್ತುವಳು, ಎಲ್ಲಿ ಕೂರಬೇಕು ಅನ್ನಿಸಿತೋ ಅಲ್ಲಿ ಛತ್ರಿಯನ್ನು ನೆಲಕ್ಕಿಡುವಳು. ಅಲ್ಲಿ ಮರ ಬರಬೇಕು ಎಂದು ಅರ್ಥ. ನೀರು ಎತ್ತ ಹರಿಯುತ್ತದೆ, ಬಿಸಿಲು ಎತ್ತಣಿಂದ ಬಡಿಯುತ್ತದೆ, ಜನ ಎಲ್ಲಿ ಹಾಯುತ್ತಾರೆ, ಇಷ್ಟು ನೋಡಿದ ಮೇಲೆಯೇ ಹೂವು, ಹುಲ್ಲು. "ಹೊರಗಿನ ಜಾಗಕ್ಕೂ ಚಾವಣಿ, ಗ್ವಾಡಿ ಇರ್ತಾವರಿ, ನಿಮಗ ಕಾಣೂದಿಲ್ಲ ಅಷ್ಟ," ಎಂದು ನನಗೆ ಪಾಠ ಹೇಳುವಳು. ಮಳೆಯಿಲ್ಲದ ದಿನ ಛತ್ರಿ ಹಿಡಿದು ತಿರುಗುವ ಹೆಂಗಸನ್ನು ನೋಡಿ ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅವಳು ಬರೆದದ್ದು ಬರೆದ ಹಾಗೆ ಎಲ್ಲಿಯೂ ಉಳಿಯಲಿಲ್ಲ. ಹಾವೇರಿಯ ವಕೀಲರೊಬ್ಬರು ಎಲೆ ಉದುರಿ ಕಸವಾಗುತ್ತದೆಂದು ಅಂಗಳಕ್ಕೆಲ್ಲ ಸಿಮೆಂಟ್ ಬಳಿಸಿದರು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಅವಳು ಹೇಳಿದ ಬೇವಿನ ಜಾಗದಲ್ಲಿ ಸಿಮೆಂಟಿನ ಜಿಂಕೆ ನಿಲ್ಲಿಸಿ, ಹುಲ್ಲು ಹಾಸಿಸಿ, ಹುಲ್ಲನ್ನು ಯಾರೂ ತುಳಿಯದಂತೆ ತಂತಿ ಬಿಗಿದ. ಅದನ್ನು ನೋಡಿ ಬಂದ ದಿನ ಜಾಹೀದಾ ಖೋಲಿಯಲ್ಲಿ ಚಪ್ಪಲಿ ಬಿಚ್ಚದೆ ಕುಳಿತುಬಿಟ್ಟಳು. "ಸಾಕಾಗೇತ್ರಿ. ಒಂದರ ನಾ ಬರದಂಗ ನಿಲ್ಲಬೇಕು. ಒಂದ ಒಂದು," ಎಂದಳು.

ಆ ಒಂದು ಬ್ಯಾಡಗಿಯಲ್ಲಿ ಸಿಕ್ಕಿತು. ಎರಡು ಸಾವಿರದ ನಾಲ್ಕರಲ್ಲಿ ಅಲ್ಲಿನ ಒಂದು ಓಣಿಯವರು ಸೇರಿ ಖಾಲಿ ಜಾಗದಲ್ಲಿ ಉದ್ಯಾನ ಮಾಡಿಸಲು ಹೊರಟರು. ಜಾಹೀದಾ ನಡುವೆ ಕಲ್ಲು ಹಾಸಿದ ದೊಡ್ಡ ದುಂಡು ಬಯಲು ಬಿಟ್ಟಳು. ಅದರ ಪಡುವಣ ಅಂಚಿಗೆ ಮೂರು ಹೊಂಗೆ, ಕೆಳಗೆ ಕಟ್ಟೆ. ಸಂಜೆ ಜನ ಬಂದು ಕೂರಲಿ, ಮಕ್ಕಳು ಆಡಲಿ ಎಂದು. ನಕ್ಷೆ ನೋಡಿದ ಹಿರಿಯರಾದ ನಿಜಲಿಂಗಪ್ಪನವರು ದುಂಡಿನ ಮೇಲೆ ಬೆರಳಿಟ್ಟು, "ಇದೇನವಾ, ಇಲ್ಲೇನೂ ಇಲ್ಲಲ್ಲ?" ಎಂದರು. ಏನೂ ಇಲ್ಲದಿರುವುದೇ ಅಲ್ಲಿ ಮುಖ್ಯ ಎಂದು ವಿವರಿಸಿ ಅವಳಿಗೆ ಸಾಕಾಯಿತು. ಕೊನೆಗೆ, "ಕಣ ಅಂತ ತಿಳಕೋರಿ, ಅಜ್ಜಾರ," ಎಂದಳು. ಎಲ್ಲರ ಮುಖ ಅರಳಿತು. ಕಣ ಎಂದರೆ ಯಾರಿಗೆ ತಿಳಿಯದು? ಸುಗ್ಗಿಯಲ್ಲಿ ಬೆಳೆ ಒಕ್ಕುವ, ಒಣಗಿಸುವ ನೆಲ. ಒಂದು ಗೆರೆಯನ್ನೂ ಬದಲಿಸದೆ ಒಪ್ಪಿದರು.

ಬ್ಯಾಡಗಿಯಲ್ಲಿ ನಿಂತು ಆ ಮಾತು ಆಡಬಾರದಿತ್ತು. ಮೊದಲ ಸುಗ್ಗಿಗೆ ಮೂಲೆಯಲ್ಲಿ ಒಂದೆರಡು ತಾಡಪತ್ರಿ ಹಾಸುಗಳು ಬಿದ್ದವು. ಎರಡನೆಯ ಸುಗ್ಗಿಗೆ ಕಣವಿಡೀ ಮೆಣಸಿನಕಾಯಿ. ಕಟ್ಟೆಯ ಮೇಲೆ ಚೀಲ, ಮಕ್ಕಳಿಗೆ ಕೆಮ್ಮು, ಕೂರಲು ಬಂದವರ ಕಣ್ಣಲ್ಲಿ ನೀರು. ಹೊಂಗೆಗಳು ಆಳೆತ್ತರ ದಾಟಿದ್ದವು. ಕಣದತ್ತ ಚಾಚಿದ ಅವುಗಳ ಕೊಂಬೆಗಳನ್ನು ಯಾರೋ ಮುರಿದಿದ್ದರು. ಸುದ್ದಿ ಕೇಳಿ ಜಾಹೀದಾ ಉರಿದುಬಿದ್ದಳು. ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು.

ಕಾಯಿ ಹರವುತ್ತಿದ್ದ ಹೊನ್ನವ್ವ ಎಂಬ ಮುದುಕಿ ಕೊಂಬೆ ಮುರಿದದ್ದು ತಾನೇ ಎಂದು ಒಪ್ಪಿಕೊಂಡಳು. ಅವಳಿಗೆ ನಾಚಿಕೆಯೂ ಇಲ್ಲ, ಜಗಳದ ಮನಸ್ಸೂ ಇಲ್ಲ.

"ನೆಳ್ಳು ಬೀಳತೈತಿ ಯವ್ವಾ. ಮೂರು ಹೊಡ್ಯೂದ ತಡ, ಅರ್ಧ ಕಣ ಕರ್ರಗ ಆಗತೈತಿ. ಹಸಿ ಉಳದ್ರ ಕಾಯಿ ಬೆಳ್ಳಗಾಗಿ ಹೊಕ್ಕಾವು."

"ಇದು ಮಂದಿ ಕುಂದ್ರಾಕ ಮಾಡಿದ್ದು, ಅಮ್ಮಾ!"

"ಕಣ ಅಂತ ನೀನ ಅಂದೀಯಂತ? ನಮ್ಮ ಮನಿ ಮುಂದ ಒಂದು ಮೊರದಷ್ಟ ಕಾಯಿ ಹರವಾಕ ಜಾಗಿಲ್ಲ. ಇಲ್ಲಿ ನೋಡು, ಹನಿ ನೀರು ನಿಂದ್ರೂದಿಲ್ಲ. ಭಾಳ ಛಲೋ ಮಾಡೀದಿ. ಇವು ಮೂರು ಗಿಡ ಅಷ್ಟ ಅಡ್ಡ ಆಗ್ಯಾವು."

ಜಾಹೀದಾ ಛತ್ರಿ ಊರಿಕೊಂಡು ನಿಂತಳು. ಅಂಗಳಗಳಲ್ಲಿ ಅವಳು ಮಾಡಿದ್ದನ್ನು ಯಾರೂ ತುಳಿಯಲೇ ಇಲ್ಲ. ಇಲ್ಲಿ ಇಪ್ಪತ್ತು ಹೆಂಗಸರು ಅವಳ ನೆಲದ ಮೇಲೆ ಬೆಳಗಿನಿಂದ ಬಗ್ಗಿ ಎದ್ದು ಮಾಡುತ್ತಿದ್ದರು. ಹಾಗಂತ ಖುಷಿಪಡಲು ಆ ದಿನ ಅವಳಲ್ಲಿ ತ್ರಾಣವಿರಲಿಲ್ಲ. "ಮುರೀಬ್ಯಾಡ್ರಿ. ನಾನ ಒಯ್ತೀನಿ," ಎಂದಳು. ಮರುವಾರ ಅಪ್ಪನ ಆಳುಗಳನ್ನು ಕರೆದುಕೊಂಡು ಹೋಗಿ ಮೂರೂ ಹೊಂಗೆಯನ್ನು ಮಣ್ಣುಸಮೇತ ಅಗೆಸಿ ನರ್ಸರಿಗೆ ತಂದು ನೆಡಿಸಿದಳು. ಎರಡು ಒಣಗಿದವು. ಹೀಗೆ ಅವಳು ಬರೆದಂತೆ ನಿಂತ ಒಂದೇ ಒಂದನ್ನು ಅವಳೇ ಕೈಯಾರೆ ಅಳಿಸಿದಳು.

ಏಪ್ರಿಲಿನಲ್ಲಿ ಬೇರೆ ಕೆಲಸಕ್ಕೆಂದು ಬ್ಯಾಡಗಿಗೆ ಹೋದಾಗ ಇಬ್ಬರೂ ಆ ಕಡೆ ಹಾಯ್ದೆವು. ಸುಗ್ಗಿ ಮುಗಿದಿತ್ತು. ಕಲ್ಲಿನ ಬಯಲು ಕಾದ ಹಂಚಾಗಿತ್ತು. ಬರಿಯ ಕಟ್ಟೆಯ ಮೇಲೆ ಸೆರಗನ್ನು ತಲೆಗೆ ಎಳೆದುಕೊಂಡು ಒಬ್ಬಳೇ ಕುಳಿತಿದ್ದವಳು ಹೊನ್ನವ್ವ.

"ಬಾ ಯವ್ವಾ, ಬಾ," ಎಂದು ಜಾಗ ಬಿಟ್ಟಳು. ಸುತ್ತ ಒಮ್ಮೆ ನೋಡಿ, "ಅಲ್ಲಾ, ಇಷ್ಟು ದೊಡ್ಡ ಜಾಗ ಮಾಡೀದಿ, ಕುಂದ್ರಾಕ ಒಂದು ನೆಳ್ಳರ ಬ್ಯಾಡೇನು? ಒಂದು ಗಿಡ ಹಚ್ಚಿದ್ರ ನಿಂದೇನು ಹೊಕ್ಕಿತ್ತು?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆಗೆಯುವಷ್ಟರಲ್ಲಿ ಜಾಹೀದಾ ಸುಮ್ಮನಿರಿ ಎಂದು ಕೈ ಸನ್ನೆ ಮಾಡಿದಳು. ಛತ್ರಿ ಬಿಚ್ಚಿದಳು. ಅದು ಇಬ್ಬರಿಗೆ ಸಾಲುವಷ್ಟು ದೊಡ್ಡದಲ್ಲ. ಮುದುಕಿಯ ತಲೆಯ ಮೇಲೆ ಹಿಡಿದು ತಾನು ಬಿಸಿಲಲ್ಲೇ ನಿಂತಳು. ಹೊನ್ನವ್ವ ಆರಾಮಾಗಿ ಎಲೆ ಅಡಿಕೆ ಬಿಚ್ಚಿ ಮಗಳ ಮನೆಯ ಸುದ್ದಿ ತೆಗೆದಳು. ಜಾಹೀದಾ ಹೂಂ ಹೂಂ ಎನ್ನುತ್ತ, ಒಂದು ಕೈ ಸೋತಾಗ ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.