ಶಿಕ್ಷೆಗೆ ಬಂದವನಿಗೆ ಮುಯ್ಯಾಳು

ನಮ್ಮ ಪಂಪ್‌ಸೆಟ್ಟಿನ ತಾಮ್ರದ ಕೇಬಲ್ ಕದ್ದು ಗುಜರಿಗೆ ಹಾಕಿದವನು ನಮ್ಮ ಬೀದಿಯವನೇ, ಇನ್ನೂ ಮೀಸೆ ಚಿಗುರದ ಹುಡುಗ. ಕಟ್ಟೆಮಳಲವಾಡಿ ಕಡೆಯ ನಮ್ಮ ಹೊಲದಲ್ಲಿ ನೀರಿಲ್ಲದೆ ಶುಂಠಿ ಬಾಡುತ್ತಿದ್ದುದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತ್ತು. ಹುಣಸೂರಿನ ಠಾಣೆಗೆ ಹೋಗಿ ದೂರು ಕೊಟ್ಟವಳೂ ನಾನೇ. ನನ್ನ ಬಾಯಿ ಮೊದಲೇ ಜೋರು. ಅವತ್ತು ಅದಕ್ಕೆ ಲಗಾಮೇ ಇರಲಿಲ್ಲ.

ಬಾಲ ನ್ಯಾಯ ಮಂಡಳಿಯವರು ಅವನನ್ನು ಮೈಸೂರಿನಲ್ಲಿ ಕೂಡಿಹಾಕಲಿಲ್ಲ. ಕಳೆದುಕೊಂಡವರು ಒಪ್ಪಿದರೆ ರಜಾದಿನಗಳಲ್ಲಿ ಅವರ ಹೊಲದಲ್ಲೇ ದುಡಿದು ತಪ್ಪು ತಿದ್ದಿಕೊಳ್ಳಲಿ ಎಂದರು. ನಾನು ಸುತರಾಂ ಆಗದು ಎಂದೆ. ಅತ್ತೆ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಬರಲಿ ಎಂದುಬಿಟ್ಟರು.

ಅವನು ಬಂದ, ತಲೆ ಎತ್ತದೆ ಕಳೆ ಕಿತ್ತ. ಚೆನ್ನಾಗಿಯೇ ಕಿತ್ತ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಗಿತ್ತು. ಆದರೆ ಅಷ್ಟರಲ್ಲಿ ಊರು ತನ್ನದೇ ತೀರ್ಪು ಕೊಟ್ಟಾಗಿತ್ತು. ನಮ್ಮಲ್ಲಿ ಮುಯ್ಯಾಳಿನ ಪದ್ಧತಿ: ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮದಕ್ಕೆ. ಹುಡುಗನ ಮನೆಯವರನ್ನು ಈಗ ಯಾರೂ ಕರೆಯುತ್ತಿರಲಿಲ್ಲ, ಅವರು ಕರೆದರೆ ಯಾರೂ ಹೋಗುತ್ತಿರಲಿಲ್ಲ. ರಾಗಿ ಹೊಲದ ಕಳೆಯ ಜೊತೆ ಒಬ್ಬಳೇ ಗುದ್ದಾಡುತ್ತಿದ್ದ ಅವನ ತಾಯಿ, ಓದು ಬಿಡಿಸಿ ಮಗನನ್ನು ದೂರ ಎಲ್ಲಿಗಾದರೂ ಕಳಿಸಿಬಿಡುತ್ತೇನೆ ಎಂದು ಅಳುತ್ತಿದ್ದಳು.

ಹುಡುಗನ ಅವಧಿ ಮುಗಿದ ಮೇಲೆ ಒಂದು ಬೆಳಗ್ಗೆ ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ನನ್ನನ್ನೂ ಎಬ್ಬಿಸಿಕೊಂಡು ಅವರ ಮನೆಗೆ ಹೊರಟರು, ಮುಯ್ಯಿ ತೀರಿಸಲು. ಹುಡುಗ ಗಾಬರಿಯಾದ. ತಾನು ಮಾಡಿದ್ದು ಶಿಕ್ಷೆಯ ಕೆಲಸ, ಅದಕ್ಕೆಲ್ಲ ಮುಯ್ಯಿ ಇಲ್ಲ ಎಂದು ತೊದಲಿದ.

"ಸಿಕ್ಸೆ ಮಂಡ್ಳಿಯವ್ರ್ದು ಕಣ್ಲಾ, ಬೆವ್ರು ನಿಂದು" ಎಂದರು ಅತ್ತೆ. "ನಮ್ಮೊಲದಲ್ಲಿ ಗೇದವ್ನಿಗೆ ಮುಯ್ಯಿ ತೀರುಸ್ದೆ ಇದ್ರೆ ನಮ್ಗೆ ಮರ್ವಾದೆ ಉಳೀತದಾ?"

ಬೀದಿಗೆ ಬೀದಿಯೇ ನೋಡುತ್ತಿರುವಾಗ, ದೂರು ಕೊಟ್ಟ ನಾನು ಅವರ ಹೊಲಕ್ಕಿಳಿದೆ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಮಧ್ಯಾಹ್ನ ಮುದ್ದೆ, ಹುರುಳಿಸಾರು ಬಡಿಸುವಾಗ ಆ ತಾಯಿ ಮೊದಲ ಮುದ್ದೆಯನ್ನು ನನ್ನ ತಟ್ಟೆಗೇ ಇಟ್ಟಳು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಅಂಥ ಅತ್ತೆಯ ಜೊತೆ ಬಾಳಿದೆನಲ್ಲ ಎಂದು ಇವತ್ತಿಗೂ ಮನಸ್ಸು ತುಂಬಿಬರುತ್ತದೆ. ಹುಡುಗನನ್ನು ಊರಲ್ಲೇ ಉಳಿಸಿದ ಆ ಮಂಡಳಿಯವರಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಸಂಜೆ ಪಕ್ಕದ ಹೊಲದ ಯಜಮಾನರು ಬದುವಿನ ಮೇಲೆ ಬಂದು ನಿಂತರು. ನಾಳೆ ತಮ್ಮ ಹೊಲಕ್ಕೂ ಬರಬೇಕು ಎಂದು ಹುಡುಗನನ್ನು ಕರೆದರು. ಅವನು ಸಾಲಿನ ನಡುವೆ ಕೂತು ಅತ್ತುಬಿಟ್ಟ.

ಅವನ ತಾಯಿಯೇ ಉತ್ತರ ಕೊಟ್ಟಳು: "ಬತ್ತಾನೆ ಕಣಣ್ಣ. ಎಲ್ಲೂ ಓಗಕ್ಕಿಲ್ಲ ಅವ್ನು."