ಇಬ್ಬರೂ ಕೂಡಿ ಅಂಜಿದ್ದು

ಇವತ್ತು ಬೆಳಿಗ್ಗೆ ರಕ್ತದ ಸಕ್ಕರೆ ಪರೀಕ್ಷೆಗೆಂದು ಲ್ಯಾಬಿಗೆ ಹೋದಾಗ ಅಲ್ಲಿನ ಹುಡುಗಿ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಮೂವತ್ತು ವರ್ಷ ನರ್ಸಾಗಿದ್ದವಳಿಗೆ ಆ ವಾಸನೆ ಹೊಸದೇನಲ್ಲ. ಆದರೂ ಒಮ್ಮೊಮ್ಮೆ ಅದು ಮೂಗಿಗೆ ಬಡಿದರೆ ನಾನು ನವಲಿ ಎಂಬ ಹಳ್ಳಿಯ ಗಂಡನ ಮನೆಯಲ್ಲಿ, ಅತ್ತೆಯ ಹಾಸಿಗೆಯಿಂದ ಎರಡು ಮಾರು ದೂರ ನಿಂತಿರುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ನನಗೆ ಹೊಸ ನೌಕರಿ. ಸೂಜಿ ಡಬ್ಬಿ ಹಿಡಿದು ಓಣಿಗೆ ಕಾಲಿಟ್ಟರೆ ಮಕ್ಕಳಷ್ಟೇ ಅಲ್ಲ, ಮೀಸೆ ತಿರುವುವ ಗಂಡಸರೂ ಹಿತ್ತಲ ಕಡೆ ಸರಿಯುತ್ತಿದ್ದರು. ಊರನ್ನೇ ಅಂಜಿಸುತ್ತಿದ್ದ ನಾನು ನಮ್ಮ ಮನೆಯ ಒಂದು ಹಾಸಿಗೆಗೆ ಅಂಜುತ್ತಿದ್ದೆ. ಅತ್ತೆಗೆ ಗಂಟಲಲ್ಲಿ ಕ್ಯಾನ್ಸರ್. ಹುಬ್ಬಳ್ಳಿಯ ಡಾಕ್ಟರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದರು. ಅತ್ತೆಗೆ ಮಾತ್ರ ಬರೀ ಹುಣ್ಣು ಎಂದಿದ್ದೆವು. ಹಾಗೆ ಹೇಳಿರೆಂದು ಎಲ್ಲರಿಗೂ ಕಲಿಸಿದವಳು ನಾನೇ. ಇಂಜೆಕ್ಷನ್ ಕೊಟ್ಟು, ಹತ್ತಿ ಒತ್ತಿ, “ಒಲಿ ಮ್ಯಾಲ ಹಾಲೈತ್ರಿ” ಎಂದು ಓಡಿಬಿಡುತ್ತಿದ್ದೆ. ದಿನಕ್ಕೆ ಎಷ್ಟು ಸಲ ಹಾಲು ಕಾಯಿಸಿದೆನೋ.

ಒಂದು ಮಧ್ಯಾಹ್ನ ಮನೆಯವರೆಲ್ಲ ಭತ್ತದ ನಾಟಿಗೆ ಹೋಗಿದ್ದರು. ಇಂಜೆಕ್ಷನ್ ಕೊಟ್ಟು ನಾನು ಏಳುವಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ಹಾಲು ಉಕ್ಕಿದ್ರ ಉಕ್ಕಲಿ. ಖರೇ ಹೇಳು, ನಾ ಸಾಯ್ತೀನೇನ?”

ಹೂಂ ಎಂದರೆ ನನ್ನ ಮಾತೇ ಅವರನ್ನು ಕೊಂದೀತು ಎನಿಸಿತು. ಬಾಗಿಲ ಕಡೆ ನೋಡಿದೆ, ಯಾರೂ ಬರುವವರಿರಲಿಲ್ಲ.

“ಹೌದ್ರಿ ಅತ್ತಿ.”

ಅವರು ತೊಲೆ ನೋಡುತ್ತ ಹೇಳಿದರು: “ಗೊತ್ತಿತ್ತು. ನೀವೆಲ್ಲ ನಕ್ಕೋಂತ ಮಾತಾಡಿದಾಗೆಲ್ಲ ನಾ ಒಬ್ಬಾಕೀನ ಆಗ್ತಿದ್ದೆ. ಭಾಳ ಅಂಜಿಕಿ ಆಗ್ತೈತಿ ಯವ್ವಾ.”

“ನನಗೂ ಆಗ್ತೈತ್ರಿ.”

“ನಿನಗ್ಯಾಕ? ಊರಿಗೆಲ್ಲ ಸೂಜಿ ಚುಚ್ಚಾಕಿ.” ಅತ್ತೆ ನಕ್ಕರು, ನಗು ಕೆಮ್ಮಾಯಿತು. “ಹಂಗಾದ್ರ ಇಲ್ಲೇ ಕುಂದ್ರು. ಇಬ್ರೂ ಕೂಡಿ ಅಂಜೂನು.”

ಹನ್ನೊಂದು ದಿನ ಕೂತೆ. ಅವರ ಉಸಿರು ತಡೆದಾಗಲೆಲ್ಲ ನನ್ನದೂ ನಿಲ್ಲುತ್ತಿತ್ತು. ಅಂಜಿಕೆ ಗುಲಗಂಜಿಯಷ್ಟೂ ಇಳಿಯಲಿಲ್ಲ, ಆದರೆ ನಾನು ಎದ್ದು ಓಡಲಿಲ್ಲ. ಒಂದು ಬೆಳಿಗ್ಗೆ ನನ್ನ ಕೈಯಲ್ಲಿದ್ದ ಅವರ ಬೆರಳು ಸಡಿಲಾದವು. ಆ ಹನ್ನೊಂದು ದಿನ ಅವರು ಒಬ್ಬರೇ ಇರಲಿಲ್ಲ. ಆಮೇಲಿನ ದುಃಖದಲ್ಲಿ ನನಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಅದೊಂದೇ.

ಇಷ್ಟು ತಿಳಿದವಳು ಈಗ ಏನು ಮಾಡುತ್ತಿದ್ದೇನೆ ಗೊತ್ತೇ? ಗಂಗಾವತಿಯಲ್ಲಿ ನನ್ನ ತಂಗಿ ಹಾಸಿಗೆ ಹಿಡಿದು ತಿಂಗಳಾಗಿದೆ. ಡಾಕ್ಟರು ಕೈಚೆಲ್ಲಿದ್ದಾರೆ. ಮೊಣಕಾಲು ನೋವೆಂದು, ಬಿಸಿಲೆಂದು ನಾನು ಹೋಗುವುದನ್ನು ಮುಂದೂಡುತ್ತಲೇ ಇದ್ದೇನೆ. ಇಷ್ಟನ್ನು ಬರೆದ ಮೇಲೆ ನಾಚಿಕೆಯಾಗಿ, ಪೆನ್ನು ಕೆಳಗಿಟ್ಟು ಅವಳಿಗೆ ಫೋನ್ ಮಾಡಿದೆ.

“ನೀ ಬಂದು ಏನ್ ಮಾಡ್ತಿ ಅಕ್ಕಾ?” ಎಂದಳು.

“ಏನೂ ಮಾಡಂಗಿಲ್ಲ. ನಿನ್ನ ಬಾಜೂಕ ಕುಂದ್ರತೀನಿ.”

ನನ್ನ ದನಿ ನಡುಗಿತು. ನನ್ನ ಅಂಜಿಕೆ ಅವಳಿಗೂ ಕೇಳಲಿ ಎಂದು ಅದನ್ನು ಮುಚ್ಚಿಡಲಿಲ್ಲ.